ಲಿಂಬಿಹಣ್ಣಿನ ಮ್ಯಾಲ ನಿಂತ ಕಾರು

ವಿರುಪಾಕ್ಷ ಅಣ್ಣಾರ ಹೆಸರು ತಗೊಂಡ್ರ ನನಗ ಮೊದಲ ಬರೂದು ಸಿಟ್ಟು. ಸಿಡ್ನಿಯಿಂದ ಒಂದು ಹಗಲಿನ ಹಾದಿ ದೂರ ಇರೂ ಈ ಟಾರ್ನೀಟಿನಾಗ ನಮ್ಮ ಮನಿಗೂ ಅವ್ರ ಮನಿಗೂ ನಡುವ ಒಂದು ಕಟಗಿ ಬೇಲಿ ಅಷ್ಟ. ಅವ್ರ ಹೆಂಡ್ತಿ ಸರಸ್ವತಿ ವೈನಿ ತೀರಿ ಹೋಗಿ ಎರಡು ವರ್ಷಾತು. ಅವತ್ತಿನಿಂದ ಆ ಮನಷ್ಯಾ ಒಂದು ಬಟ್ಟಲ ಸಕ್ಕರಿ ಸುದ್ದಾ ಕೇಳಿಲ್ಲ. ನಾ ರೊಟ್ಟಿ, ಎಣಗಾಯಿ ಒಯ್ದು ಕೊಟ್ರ, ಮರುದಿನ ಡಬ್ಬಿ ತೊಳದು, ಬರೇ ಡಬ್ಬಿ ಕೊಡಬಾರದಂತ ಅದರಾಗ ಬಾಳಿಹಣ್ಣಿಟ್ಟು, ನಮ್ಮ ಬಾಗಲದ ಮುಂದ ಇಟ್ಟು ಹೋಗ್ತಿದ್ರು. ಬೆಲ್ ಮಾತ್ರ ಒತ್ತತಿರ್ಲಿಲ್ಲ. ಹುಬ್ಬಳ್ಳಿ ಮಂದಿಗೆ ಇಷ್ಟು ಸಂಕೋಚ ಎಲ್ಲಿಂದ ಬಂತೋ ಯಾರಿಗೆ ಗೊತ್ತು.

ನೀರಿನ ಇಲಾಖೆದಾಗ ಇಂಜಿನಿಯರ್ ಇದ್ದು ರಿಟೈರ್ ಆದವ್ರು. ಅವ್ರ ಬಾಳೆಲ್ಲಾ ಒಂದು ಹಳೇ ಕೆಂಪು ರೋಟರಿ ಎಂಜಿನ್ ಕಾರು. ಬ್ಯಾರೆ ಕಾರಿನ್ಯಾಗ ಪಿಸ್ಟನ್ ಮ್ಯಾಲ ಕೆಳಗ ಕುಣೀತಾವ, ಇದರಾಗ ಮೂರು ಮೂಲಿ ಇರೂ ಕಬ್ಬಿಣದ ತುಂಡು ಗರಗರ ತಿರಗತೈತಿ ಅಂತ ಒಮ್ಮೆ ಅವ್ರ ಹೇಳಿದ್ರು. ಮಗಳು ಸಂಧ್ಯಾರಾಣಿ ಸಣ್ಣಾಕಿದ್ದಾಗ ತಗೊಂಡದ್ದು. ಸಿಗ್ನಲ್‌ದಾಗ ನಿಂತ್ರ ಪಕ್ಕದ ಕಾರಿನ ಹುಡುಗ್ರು ಕಿಡಕಿ ಇಳಿಸಿ ನೈಸ್ ಕಾರ್ ಅಂಕಲ್ ಅಂತಿದ್ರಂತ. ಕೆಲವು ವಾರ ಅವ್ರ ಕೂಡ ಯಾರರೆ ಮಾತಾಡಿದ್ದಂದ್ರ ಅಷ್ಟ. ಇದನ್ನ ಅವ್ರು ನಕ್ಕೋತ ಹೇಳಿದ್ರು.

ದಸರಾ ಮುಗದ ಮ್ಯಾಲ, ಒಂದು ರವಿವಾರ, ಸಿಡ್ನಿ ಎಪ್ಪಿಂಗಿನಾಗ ಸಂಧ್ಯಾರಾಣಿ ಕೂಸಿಗೆ ಹೆಸರಿಡೂದಿತ್ತು. ಮೊಮ್ಮಗನ ಮಾರಿ ಇವ್ರು ಫೋನಿನ್ಯಾಗಷ್ಟ ನೋಡಿದ್ದು. ತಂದಿ ಮಗಳ ನಡುವ ಜಗಳ ಏನಿಲ್ಲ. ಇಬ್ಬರ ಮಾತು ಅತ್ತಿಂದಿತ್ತ ಮುಟ್ಟಸಾಕಿ ಸರಸ್ವತಿ ವೈನಿ ಇದ್ರು, ಅವ್ರು ಹೋದ ಮ್ಯಾಲ ಇಬ್ಬರೂ ಸುಮ್ನಾದ್ರು. ಈಗ ತಾನಾಗೇ ಕರದಾಳ, ಈ ಸಲ ತಪ್ಪಿದ್ರ ಮತ್ತ ಕರೀತಾಳೋ ಇಲ್ಲೋ ಅನ್ನೂ ಹೆದರಿಕಿ ಅಣ್ಣಾರಿಗೆ. ಶನಿವಾರ ನಸುಕಿನ್ಯಾಗ ಕಾರ್ ತಗೊಂಡು ಹೊಂಡೂದು ಅಂತ ಠರಾವಾಗಿತ್ತು.

ಶನಿವಾರ ಎದ್ದು ನೋಡ್ತೀನಿ, ಕಾರು ಡ್ರೈವ್‌ವೇದಾಗ ನಿಂತೈತಿ. ಬಾನೆಟ್ ಎತ್ತೇತಿ. ಹೊರಗ ಹಾಕೂ ಹೊಸಾ ಅಂಗಿ ಹಾಕ್ಕೊಂಡು ಅಣ್ಣಾರು ಅದರ ಮುಂದ ನಿಂತಾರ. ನಾಷ್ಟಾ ಆತು, ಅರಬಿ ಒಣಗ ಹಾಕಿದೆ, ಇನ್ನೂ ಹಂಗ ನಿಂತಾರ. ನನ್ನ ತಲಿ ಕೆಟ್ಟು ಹೋತು. ಹೋಗಿ, ಒಂದು ಮಾತು ಕರಿಯಾಕ ಏನ್ ಧಾಡಿ ಆಗಿತ್ರಿ ನಿಮಗ ಅಂತ ಒದರಿದೆ. ತಲಿ ಕೆಳಗ ಹಾಕಿದ್ರು.

ಆಗಿದ್ದು ಇಷ್ಟು. ಈ ಕಾರನ್ನ ತಣ್ಣಗಿದ್ದಾಗ ಚಾಲೂ ಮಾಡಿ ಲಗೂನ ಆರಿಸಬಾರದು. ಆರಿಸಿದ್ರ ಒಳಗ ಪೆಟ್ರೋಲ್ ತುಂಬಿ ಕಿಡಿ ಹೊತ್ತಸೂ ಪ್ಲಗ್ ತೊಯ್ದು ಹೋಗ್ತಾವ, ಮತ್ತ ಚಾಲೂ ಆಗಂಗಿಲ್ಲ. ಅಣ್ಣಾರಿಗೆ ಇದು ಗೊತ್ತಿಲ್ಲಂತಲ್ಲ. ಆದ್ರ ದೂರ ಹೊಂಟಾಗ ಗಾಲಿ ಕೆಳಗ ಲಿಂಬಿಹಣ್ಣಿಟ್ಟು ಪೂಜಾ ಮಾಡೂದು ಅವ್ರ ಮನಿ ಪದ್ಧತಿ. ಇವ್ರು ಕಾರ್ ಚಾಲೂ ಇಟಗೊಂಡು ಬ್ರೇಕ್ ಒತ್ತಿ ಕೂಡತಿದ್ರು, ವೈನಿ ಮುಂದ ನಿಂತು ಗಾಡಿಗೂ ಗಂಡಗೂ ಆರತಿ ಬೆಳಗತಿದ್ರು, ಆಮ್ಯಾಲ ಲಿಂಬಿಹಣ್ಣು ಹಾಯಿಸಿ ಸೀದಾ ರಸ್ತೆಗೆ. ಅವತ್ತು ಕೂಡವ್ರೂ ಇವ್ರ, ಬೆಳಗವ್ರೂ ಇವ್ರ. ಡ್ರೈವ್‌ವೇ ಇಳಕಲು, ಹ್ಯಾಂಡ್‌ಬ್ರೇಕ್ ಸಡಲು. ಗ್ಯಾರೇಜಿನಿಂದ ಹೊರಗ ತರೂವಾಗನ ಲಿಂಬಿಹಣ್ಣು ಹಾಯಿಸಿ, ಗಾಡಿ ಉಳ್ಳಬಾರದಂತ ಗೇರಿನ್ಯಾಗ ಹಾಕಿ, ಆರಿಸಿ ಇಳದಾರ. ಆರತಿ ಮಾಡಿ, ಕಾಯಿ ಒಡದು, ಹೊಳ್ಳಿ ಕೂತ್ರ ಕಾರು ಒಲ್ಲೆ ಅಂತು. ಕೀಲಿ ತಿರವಿ ತಿರವಿ ಬ್ಯಾಟರಿ ಸುದ್ದಾ ಇಳದಿತ್ತು.

ಆರತಿ ಒಂದು ಬಿಟ್ಟಿದ್ರ ಏನಾಗ್ತಿತ್ರಿ ಅಂದೆ. ಸರಸ್ವತಿ ಎಂದೂ ಬಿಟ್ಟಿರ್ಲಿಲ್ಲ ಅಂದ್ರು.

ಅಷ್ಟರಾಗ ಅವ್ರ ಫೋನ್ ಹೊಡ್ಕೊಳ್ಳಾಕತ್ತು. ಸಂಧ್ಯಾರಾಣಿ. ಎಲ್ಲಿತನ ಬಂದ್ರಿ ಅಂತ ಕೇಳಿದ್ರ ಏನ್ ಹೇಳ್ಲಿ ಅಂತ ಇವ್ರು ಎತ್ತವಲ್ರು. ನಾನ ಎತ್ತಿ, ಸ್ಪೀಕರ್ ಹಾಕಿ, ಕಾರು ಕೆಟ್ಟದ್ದು ಹೇಳಿದೆ. ಆ ಹುಡುಗಿ ಅಂದ್ಲು,

"ಆಂಟಿ, ನಾನು ಕಾರ್ ಕೇಳೇ ಇಲ್ಲ. ಅಪ್ಪ ಬರ್ತಾರಾ ಅಂತ ಅಷ್ಟೇ ಕೇಳಿದ್ದು. ಪ್ಲೀಸ್, ಫ್ಲೈಟ್ ಬುಕ್ ಮಾಡ್ಕೊಂಡು ಬರಕ್ಕೆ ಹೇಳಿ."

ಫೋನ್ ಇಟ್ಟ ಮ್ಯಾಲ ನಾನೂ ಅದನ್ನ ಅಂದೆ. ಅಣ್ಣಾರು ಬಾನೆಟ್ಟಿನೊಳಗ ನೋಡ್ಕೋತ ಅಂದ್ರು, "ಕಾರಿದ್ರ ಎಲ್ಲಾರೂ ಹೊರಗ ಬಂದು ನೋಡ್ತಾರ ತಂಗಿ. ಕಾರಿಲ್ದ ನಾ ಅಲ್ಲಿ ಹೋಗಿ ಏನ್ ಮಾತಾಡ್ಲಿ?"

ನಾ ನನ್ನ ಕಾರ್ ತಂದು ಬ್ಯಾಟರಿಗೆ ಕೇಬಲ್ ಹಚ್ಚಿದೆ. ಒಳಗ ಇನ್ನ ಪೆಟ್ರೋಲ್ ಬರಬಾರದಂತ ಅವ್ರು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ರು. ಪ್ಲಗ್ ಬಿಚ್ಚಿ ಒರಸಿ ಒಣಗಿಸಿದ್ರು, ತೂತಿನ್ಯಾಗ ಚೂರು ಎಣ್ಣಿ ಬಿಟ್ರು. ನಾ ಒಳಗ ಕೂತು, ಅವ್ರು ಹೇಳಿದಾಂಗ ಎಕ್ಸಲರೇಟರ್ ಪೂರ್ತಿ ಒತ್ತಿ ಕೀಲಿ ತಿರವಿದೆ. ಪೆಟ್ರೋಲಿನ ನಾತ ಮೂಗಿಗೆ ಹೊಡೀತು. ಪ್ಲಗ್ ಹೊಳ್ಳಿ ಹಾಕಿ, ಫ್ಯೂಸ್ ಹಾಕಿ, ಮತ್ತ ತಿರವು, ಮತ್ತ ತಿರವು. ನನ್ನ ಕಾಲು ನೋಯಾಕತ್ತಿತ್ತು. ಇನ್ನ ಸಾಕ್ರಿ ಅಣ್ಣಾರ ಅನ್ನೂದ್ರೊಳಗ ಢಮ್ ಅಂದು ಕಾರು ಚಾಲೂ ಆತು. ಓಣಿ ತುಂಬ ಬಿಳೀ ಹೊಗಿ. ಎದುರಿನ ಪಂಜಾಬಿ ಅಜ್ಜಿ ಹೊರಗ ಬಂದು ನೋಡಿ ಬಾಗಲಾ ಹಾಕ್ಕೊಂಡ್ಲು.

ಆಗ ಹೊಂಟ್ರೂ ರಾತ್ರಿಯೊಳಗ ಮುಟ್ಟಬಹುದಿತ್ತು. ಹಾದ್ಯಾಗ ತಿನ್ನಾಕ ಏನರೆ ಕಟ್ಟಿಕೊಡ್ಲೇನ್ರಿ ಅಂತ ಕೇಳಿದೆ. ಅಣ್ಣಾರು ಎಂಜಿನ್ ಪೂರ್ತಿ ಬಿಸಿ ಆಗೂತನ ಪಕ್ಕದಾಗ ನಿಂತ್ರು. ಆಮ್ಯಾಲ ಒಳಗ ಕೈ ಹಾಕಿ, ತಾವ ಕೀಲಿ ತಿರವಿ ಆರಿಸಿದ್ರು.

"ವಿಮಾನದ ಟಿಕೆಟ್ ತಗಸಿಕೊಡು ತಂಗಿ," ಅಂದ್ರು. "ಅಲ್ಲಿ ಪಕ್ಕದಾಗರೆ ಒಬ್ರು ಕೂತಿರ್ತಾರ."