ಮರಳು ಹತ್ತುವ ಹಡಗು

ಮದ್ದೂರು ಕಡೆಯ ನಮ್ಮ ಕೊಪ್ಪದ ಸುತ್ತಮುತ್ತ ಆಲೆಮನೆಗಳು ಇನ್ನೂ ಸಾಲುಸಾಲಾಗಿ ಹೊಗೆಯಾಡುತ್ತಿದ್ದ ಕಾಲ. ಚಳಿಗಾಲ ಬಂತೆಂದರೆ ಊರಿಗೆ ಊರೇ ಕಬ್ಬಿನ ಹಾಲು ಕುದಿಯುವ ವಾಸನೆ. ಸ್ಕೂಲು ಬಿಟ್ಟ ಕೂಡಲೇ ನಾವು ಹುಡುಗಿಯರು ಕಬ್ಬಿನ ತುಂಡು ಹಿಡಿದು ನಮ್ಮ ಆಲೆಮನೆಯ ಕೊಪ್ಪರಿಗೆಯ ಪಕ್ಕ ಹೋಗಿ ನಿಲ್ಲುತ್ತಿದ್ದೆವು. ಒಲೆಗೆ ಉರಿ ಹಾಕುತ್ತಿದ್ದ ನಿಂಗಣ್ಣ ಆ ತುಂಡಿಗೆ ಬಿಸಿ ಪಾಕ ಸುತ್ತಿಕೊಡುತ್ತಿದ್ದ. ಆರುವ ತನಕ ಕಾಯುವ ತಾಳ್ಮೆ ಯಾರಿಗಿತ್ತು? ದಿನವೂ ನಾಲಿಗೆ ಸುಟ್ಟುಕೊಳ್ಳುವುದೇ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಆ ವರ್ಷ ದೀಪಾವಳಿಗೆ ಚಿಕ್ಕಪ್ಪ ರಜೆಯಲ್ಲಿ ಬಂದಿದ್ದ. ಅಪ್ಪನ ತಮ್ಮ ಶಿವಣ್ಣ, ನೌಕಾಪಡೆಯಲ್ಲಿ ನಾವಿಕ. ಅವನ ಹಡಗು ಇರುತ್ತಿದ್ದುದು ಅಂಡಮಾನಿನಲ್ಲಿ. ಆಲೆಮನೆಯಲ್ಲಿ ಅವನು ಬಂದು ಕೂತರೆ ಸುತ್ತ ಜನವೋ ಜನ.

"ನಿನ್ ಅಡಗಲ್ಲಿ ಎಷ್ಟು ಫಿರಂಗಿ ಅವೆ ಸಿವಣ್ಣ?" ಅಂದ ನಿಂಗಣ್ಣ.

"ನಮ್ದು ಕಾದಾಡೋ ಅಡಗಲ್ಲ ನಿಂಗಣ್ಣ. ಲಾರಿ ಇದ್ದಂಗೆ ಅನ್ಕೊ. ಟ್ಯಾಂಕು, ಜೀಪು, ಜವಾನ್ರು, ಎಲ್ಲಾನೂ ಒಟ್ಟೇಲಿ ತುಂಬ್ಕಂಡೋಗಿ ದಡದಲ್ಲಿ ಇಳಿಸ್ಬೇಕು. ಬಂದರು ಗಿಂದರು ಏನೂ ಬ್ಯಾಡ. ಸೀದಾ ಓಗಿ ಮರಳಿಗೆ ಮೂತಿ ಇಕ್ತದೆ. ಮೂತಿ ಬಾಗ್ಲಂಗೆ ತೆರ್ಕತದೆ, ಒಳಗಿಂದ ಕಬ್ಬಿಣದ ಅಲಗೆ ಚಾಚ್ತದೆ. ಅದ್ರ ಮ್ಯಾಲೆ ಟ್ಯಾಂಕು ಇಳ್ಕಂಡು ಓಯ್ತದೆ."

ನಿಂಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಮರಳಿಗೆ ಗುದ್ದಿದ್ ಅಡಗ ಒಡ್ದೋದ್ ಅಡಗು ಅಂತಾರೆ ಕಣಪ್ಪ!"

"ಬುಡ್ಲಾ ಸಿವು, ಊರೋರ ಮುಂದೆ ಯಾಕೆ ಸುಳ್ಳಾಡೀಯೆ," ಅಂದಳು ಅಜ್ಜಿ, ಅವನ ಹೆತ್ತ ತಾಯಿಯೇ.

ನಂಬಿದವರು ನಾವು ಮಕ್ಕಳು ಮಾತ್ರ. ಉದುರಿದ ತೆಂಗಿನ ಹೊಂಬಾಳೆಯ ಸಿಪ್ಪೆ ನಮ್ಮ ಹಡಗಾಯಿತು. ಗದ್ದೆಯ ಕಾಲುವೆಯಲ್ಲಿ ಅದಕ್ಕೆ ಗೊದ್ದದ ಇರುವೆಗಳನ್ನು ತುಂಬಿ ಬಿಟ್ಟು, ಕೆಸರಿಗೆ ಮೂತಿ ತಾಗಿಸಿ, "ಇಳೀರ್ಲಾ, ಇಳೀರ್ಲಾ" ಎಂದು ಕಡ್ಡಿಯಲ್ಲಿ ತಿವಿಯುತ್ತಿದ್ದೆವು. ಚಿಕ್ಕಪ್ಪ ಬದುವಿನ ಮೇಲೆ ಕೂತು ನಗುತ್ತಿದ್ದ. ರಜೆ ಮುಗಿದು ಹೊರಟುಹೋದ.

ಆಮೇಲೆ ಡಿಸೆಂಬರಿನ ಆ ಭಾನುವಾರ ಬಂತು. ಟಿವಿಯಲ್ಲಿ ಒಂದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ನೀರು ಬರುತ್ತಿತ್ತು. ಅಲೆಯ ಹಾಗಲ್ಲ, ನೆಲವೇ ಎದ್ದು ನಡೆದು ಬಂದ ಹಾಗೆ. ಕಾರು, ದೋಣಿ, ಮನೆಯ ಚಾವಣಿ, ಎಲ್ಲ ಒಟ್ಟಿಗೆ.

"ಸುನಾಮಿ ಅಂದ್ರೆ ಯಾರ್ಲಾ?" ಅಂದಳು ಅಜ್ಜಿ. ಯಾವುದೋ ಹೆಂಗಸಿನ ಹೆಸರೆಂದುಕೊಂಡಿದ್ದಳು.

ಅಪ್ಪನಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ಪರದೆಯ ಮೇಲೆ ಅಂಡಮಾನಿನ ನಕ್ಷೆ ಬಂತು. ಅಪ್ಪನ ಬಾಯಿಂದ "ಅಯ್ಯೋ" ಎಂಬ ಸದ್ದು ಹೊರಟಿತು, ಅಷ್ಟೇ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ಮಗನ ಮುಖ ನೋಡಿದಳು, ಸೀದಾ ಜಗುಲಿಗೆ ಹೋಗಿ ಕೂತಳು.

ಸುದ್ದಿ ಕೇಳಿ ಕೇರಿಯವರೆಲ್ಲ ನಮ್ಮ ನಡುಮನೆಯಲ್ಲಿ ಬಂದು ನಿಂತರು. ನಿಂಗಣ್ಣನೂ ಉರಿ ಬಿಟ್ಟು ಓಡಿಬಂದಿದ್ದ. ಕೊಪ್ಪರಿಗೆಯ ಪಾಕ ಸೀದು ಅದರ ಕಮಟು ಮನೆಯವರೆಗೂ ಬಂತು. ಎಲ್ಲರ ಮೂಗಿಗೂ ಬಡಿದಿರಬೇಕು, ಒಬ್ಬರೂ ಕದಲಲಿಲ್ಲ.

ನಮ್ಮ ಮನೆಗೆ ಫೋನಿರಲಿಲ್ಲ, ಎದುರುಮನೆಯ ಟೀಚರ ಫೋನಿನಲ್ಲಿ ಎಸ್‌ಟಿಡಿ ಇರಲಿಲ್ಲ. ಅಪ್ಪ ದಿನಾ ಮದ್ದೂರಿನ ಬೂತಿಗೆ ಹೋಗಿ ಬರುತ್ತಿದ್ದ, ಲೈನು ಸಿಗುತ್ತಿರಲಿಲ್ಲ. ಅಜ್ಜಿ ಜಗುಲಿಯ ಕಂಬಕ್ಕೆ ಒರಗಿ ಕೂತವಳು ಅಳಲಿಲ್ಲ. ನನಗೆ ಒಂದೇ ಮಾತು: "ಕಾಲ್ವೆ ಅತ್ರ ಓದ್ರೆ ಕಾಲ್ ಮುರೀತೀನಿ."

ಕೊನೆಗೊಂದು ಮಧ್ಯಾಹ್ನ ಎದುರುಮನೆಯ ಟೀಚರು ಫೋನ್ ಬಂದಿದೆಯೆಂದು ಬೀದಿಯಿಂದಲೇ ಕೂಗಿದರು. ಅಪ್ಪ ಬರಿಗಾಲಲ್ಲಿ ಓಡಿದ. ಫೋನಿನಲ್ಲಿ ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಅಣ್ಣ, ಬದುಕಿವ್ನಿ. ಅವ್ವಂಗೇಳು." ಲೈನು ಕಡಿದುಹೋಯಿತು. ಅಪ್ಪ ಬಂದು ಹೇಳಿದ್ದನ್ನು ಕೇಳಿ ಅಜ್ಜಿ ಆಗ ಅತ್ತಳು.

ಅವನು ಊರಿಗೆ ಬಂದದ್ದು ಯುಗಾದಿಗೆ. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡ. ಅಪ್ಪ ಬಲವಂತ ಮಾಡಿದ ಮೇಲೆ ಬಾಯಿ ಬಿಟ್ಟ.

"ಒಂದು ದ್ವೀಪದಲ್ಲಿ ಬಂದರೇ ಇರ್ನಿಲ್ಲ ಕಣಣ್ಣ, ಕೊಚ್ಕಂಡೋಗಿತ್ತು. ಬ್ಯಾರೆ ಅಡಗು ದೂರ ನಿಂತ್ಕಬೇಕಾಯ್ತು. ನಮ್ದು ಮರಳಿಗೆ ಮೂತಿ ಇಕ್ಕಿ ಬಾಗ್ಲು ತೆರೀತು. ಕಾಡಿನೊಳಗಿಂದ ಜನ ನಡ್ಕಂಡು ಬಂದ್ರು. ಒಬ್ಳು ಮುದುಕಿ, ನಮ್ಮವ್ವನ ವಯಸ್ಸು, ಕಂಕಳಲ್ಲಿ ಒಂದು ಕೋಳಿ. ಅಲಗೆ ತಂಕ ಬಂದೋಳು ಅಲ್ಲೇ ಕೂತ್ಕಂಡ್ಬುಟ್ಲು. ಸಮುದ್ರದ ಮ್ಯಾಕೆ ಕಾಲಿಡಾಕಿಲ್ಲ ಅಂತ. ಅವಳ ಭಾಷೆ ನಂಗೆ ಬರಾಕಿಲ್ಲ. 'ಬಾ ಕಣವ್ವ, ನಾನಿವ್ನಿ' ಅಂದೆ. ನಮ್ ಮಾತಲ್ಲೇ ಅಂದೆ. ಕೈ ಕೊಟ್ಲು."

"ಕೋಳಿ?" ಅಂದಳು ಅಜ್ಜಿ.

"ಕೋಳಿನೂ ಬಂತು. ನಮ್ಮ ಸಾಹೇಬ್ರು ನೋಡಿದ್ರು, ಆ ಕಡೆ ಮೊಕ ತಿರುಗಿಸ್ಕಂಡ್ರು."

ನಿಂಗಣ್ಣ ತಲೆ ತಗ್ಗಿಸಿ ಕೇಳುತ್ತಿದ್ದ. ಚಿಕ್ಕಪ್ಪನ ದನಿ ಇಳಿಯಿತು. "ಟ್ಯಾಂಕು ನಿಲ್ಲೋ ಜಾಗದಲ್ಲೆಲ್ಲ ಜನ ಅಣ್ಣ. ಎಷ್ಟೊಂದು ಮಕ್ಳು. ಒಂದಾದ್ರೂ ಅಳ್ನಿಲ್ಲ. ಕೈಗೂಸೂ ಅಳ್ನಿಲ್ಲ. ಅದೇ ನಂಗೆ ತಡ್ಕಳಾಕಾಗ್ನಿಲ್ಲ."

ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ನನ್ನ ತಮ್ಮ ಎದ್ದು ಕಿರುಚತೊಡಗಿದ. ಅವ್ವ ಸಮಾಧಾನ ಮಾಡಲು ಓಡಿದಳು. ಚಿಕ್ಕಪ್ಪ ಕೈ ಅಡ್ಡ ಹಿಡಿದ.

"ಬುಡತ್ತಿಗೆ, ಅಳ್ಲಿ. ಚೆನ್ನಾಗಿ ಅಳ್ಲಿ."

ನಾವೆಲ್ಲ ಕೂತು ಆ ಅಳುವನ್ನು ಕೇಳಿದೆವು.

ಈಗ ಆ ಹಡಗಿಗೆ ವಯಸ್ಸಾಗಿ ಅದನ್ನು ಸೇವೆಯಿಂದ ಇಳಿಸಿಬಿಟ್ಟಿದ್ದಾರೆ. ನಿವೃತ್ತನಾದ ಚಿಕ್ಕಪ್ಪ ಗೆಜ್ಜಲಗೆರೆಯಲ್ಲಿದ್ದಾನೆ. ಹೋದ ತಿಂಗಳು ಅವನ ಮನೆಯಲ್ಲಿ ಕೂತು, ಅದೇ ಕೆಲಸಕ್ಕಿರುವ ಈಗಿನ ಕಾಲದ ದೊಡ್ಡ ಹಡಗೊಂದರ ವಿಡಿಯೊವನ್ನು ಮೊಬೈಲಿನಲ್ಲಿ ತೋರಿಸಿದೆ. ಅದು ದಡಕ್ಕೆ ಬರುವುದೇ ಇಲ್ಲ. ದೂರದಲ್ಲೇ ನಿಂತು ಹೊಟ್ಟೆಯಿಂದ ದೋಣಿಗಳನ್ನೂ ಬೆನ್ನ ಮೇಲಿಂದ ಹೆಲಿಕಾಪ್ಟರನ್ನೂ ಕಳಿಸುತ್ತದೆ.

"ಇದೇ ಸರಿ ಮಗ," ಅಂದ. "ಮರಳಲ್ಲಿ ಸಿಕ್ಕಾಕ್ಕಳೋ ಭಯ ಇಲ್ಲ. ದಡದೋರ ಮೊಕ ಮಾತ್ರ ಕಾಣಾಕಿಲ್ಲ."

ಆ ವಿಡಿಯೊ ಮುಗಿದು ಇನ್ನೊಂದು ತಾನಾಗಿ ಬಂತು. ಎಲ್ಲಿಯದೋ ಪ್ರವಾಹ. ತೇಲುವ ಮನೆ, ಚಾವಣಿಯ ಮೇಲೆ ಮಕ್ಕಳು. ನನ್ನ ಹೆಬ್ಬೆರಳು ಅದನ್ನು ಮೇಲಕ್ಕೆ ಸರಿಸಿತು. ಸೀರೆಯ ಜಾಹೀರಾತು ಬಂತು. ಕಂಡೇ ಇರದ ದ್ವೀಪಕ್ಕಾಗಿ ಒಂದಿಡೀ ಕೇರಿ ಪಾಕ ಸೀದರೂ ಕದಲದೆ ನಿಂತದ್ದನ್ನು ಕಣ್ಣಾರೆ ಕಂಡವಳು ನಾನು. ನನಗೆ ಏನೂ ಅನ್ನಿಸಿರಲಿಲ್ಲ.

ಚಿಕ್ಕಪ್ಪ ನನ್ನ ಕೈ ಹಿಡಿದ. "ಇರು ಮಗ, ಇಂದಕ್ ತಗೊ. ಯಾವೂರು ಅದು?"

ಹಿಂದಕ್ಕೆ ಸರಿಸಿದೆ, ಹುಡುಕಿದೆ. ಅವನು ಕನ್ನಡಕ ಹಾಕಿಕೊಂಡು ಕಾಯುತ್ತಲೇ ಇದ್ದ. ಅದು ಮತ್ತೆ ಸಿಗಲೇ ಇಲ್ಲ.