ಹೂಂ ಅನ್ನುವವರೆಗೆ

ರಬ್ಬರ್ ಹಾಳೆಯನ್ನು ಮಡಿಸಬಾರದು, ಸುತ್ತಿಡಬೇಕು. ಮಡಿಸಿದರೆ ಆ ಗೆರೆಯಲ್ಲೇ ಬಿರುಕು ಬಿಡುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ತೆಳ್ಳಗೆ ಪೌಡರ್ ಉದುರಿಸಿ, ಚಾಪೆಯ ಹಾಗೆ ಸುತ್ತಿ ಬೀರುವಿನಲ್ಲಿ ನಿಲ್ಲಿಸಬೇಕು. ಇದನ್ನು ನಾನು ಪ್ರತಿ ವರ್ಷ ಮೊದಲ ವರ್ಷದ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಚಂದಾಪುರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಶುಶ್ರೂಷೆಯ ಮೂಲಪಾಠ ಹೇಳುವುದು ನನ್ನ ಕೆಲಸ. ಹಾಸಿಗೆ ಹಾಸುವುದು, ಕೈ ತೊಳೆಯುವುದು, ಜ್ವರ ನೋಡುವುದು, ಮಲಗಿದವರ ಮಗ್ಗುಲು ಬದಲಿಸುವುದು. ಇಷ್ಟನ್ನು ಕಲಿಯಲು ಕಾಲೇಜಿಗೆ ಹೋಗಬೇಕೇ ಎಂದು ನೀವು ಕೇಳಬಹುದು. ನನ್ನ ಅಪ್ಪನೂ ಕೇಳಿದ್ದರು.

ಮೊನ್ನೆ ಬೆಳಿಗ್ಗೆ ಬೀರುವಿನಿಂದ ಆ ಹಾಳೆಯನ್ನು ತೆಗೆದು, ತಲೆ ತೊಳೆಯುವ ಪಾಠಕ್ಕೆಂದು ಮಂಚದ ಮೇಲೆ ಬಿಚ್ಚಿದೆ. ರಬ್ಬರು ಮತ್ತು ಪೌಡರು ಸೇರಿದ ವಾಸನೆ ಮುಖಕ್ಕೆ ಬಡಿಯಿತು. ಅದನ್ನು ಪರಿಮಳವೆಂದು ಯಾರೂ ಕರೆಯುವುದಿಲ್ಲ. ಸೈಕಲ್ ಅಂಗಡಿಯಲ್ಲಿ ಕೂಸಿಗೆ ಸ್ನಾನ ಮಾಡಿಸಿದ ಹಾಗಿರುತ್ತದೆ. ಆದರೂ ನಾನು ಹಾಳೆಯ ಅಂಚು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ‘ಮೇಡಂ, ಬಕೆಟ್ ಎಲ್ಲಿಡ್ಲಿ?’ ಎಂದು ಯಾರೋ ಒಬ್ಬಳು ಎರಡು ಸಲ ಕೇಳಿದಳಂತೆ. ನಾನು ಆಗ ಮನಸ್ಸಿನಲ್ಲೇ ಹೆಬ್ಬಗೋಡಿಯಲ್ಲಿದ್ದೆ, ರೇಣುಕಾಳ ಮುಂದೆ.

ಹೆಬ್ಬಗೋಡಿಯ ಕಾಲೇಜಿನಲ್ಲಿ ನಾವು ಓದುತ್ತಿದ್ದಾಗ ಅಭ್ಯಾಸಕ್ಕೆಂದು ಒಂದು ಗೊಂಬೆ ಇತ್ತು, ಆಳೆತ್ತರದ್ದು. ಏನು ಮಾಡಿದರೂ ಮಾತಾಡುತ್ತಿರಲಿಲ್ಲವಾದ್ದರಿಂದ ಹಿಂದಿನ ತಂಡದವರು ಅದಕ್ಕೆ ಶಾಂತಮ್ಮ ಎಂದು ಹೆಸರಿಟ್ಟಿದ್ದರು. ನಾವು ಶಾಂತಮ್ಮನಿಗೆ ಗಂಜಿ ಕುಡಿಸಿದೆವು, ಬೆನ್ನು ಒರೆಸಿದೆವು, ಬಟ್ಟೆ ಬದಲಿಸಿದೆವು. ಹಾಸಿಗೆಯ ಮೇಲೆಯೇ ತಲೆ ತೊಳೆಯುವ ಪಾಠ ಬಂದಾಗ ಮಾತ್ರ ತೊಡಕಾಯಿತು. ಹಿಂದಿನ ತಂಡದವರು ತೊಳೆದ ರಭಸಕ್ಕೆ ಅವಳ ಕೂದಲು ಪೂರ್ತಿ ಕೈಗೆ ಬಂದಿತ್ತು. ಅಂಟು ಹಾಕಿ ಕೂರಿಸಿದ್ದರು. ‘ಈ ಸಲ ನಿಮ್ಮಲ್ಲೇ ಒಬ್ಬರು ಮಲಗಬೇಕು’ ಎಂದು ಮೇಡಂ ಹೇಳಿದರು. ‘ಉದ್ದ ಕೂದಲು ಯಾರಿಗಿದೆ?’

ಇಡೀ ತರಗತಿ ನನ್ನ ಕಡೆ ತಿರುಗಿತು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇದು ಯಾಕೆ ಅಷ್ಟು ದೊಡ್ಡ ವಿಷಯವಾಯಿತು ಎಂದು ನಿಮಗೆ ತಿಳಿಯುವುದಿಲ್ಲ. ನಮ್ಮ ಮನೆ ಪೀಣ್ಯದಲ್ಲಿ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು, ಬೆಳಿಗ್ಗೆ ಬೇಗ ವ್ಯಾನ್ ಬರುತ್ತಿತ್ತು. ಶಾಲೆಗೆ ಸೇರಿದ ಕೆಲವೇ ವರ್ಷದಲ್ಲಿ ನಾನೇ ಜಡೆ ಹಾಕಿಕೊಳ್ಳುವುದನ್ನು ಕಲಿತೆ. ಎರಡು ಜಡೆ, ಬೈತಲೆ ನೇರವಾಗಿ, ಕನ್ನಡಿಯೂ ಬೇಡ. ಅಕ್ಕಪಕ್ಕದವರು ಮೆಚ್ಚುತ್ತಿದ್ದರು. ಮೆಚ್ಚುಗೆ ಅಭ್ಯಾಸವಾಗಿ, ಅಭ್ಯಾಸ ಸ್ವಭಾವವಾಗಿ, ನನ್ನನ್ನು ಯಾರಾದರೂ ಮುಟ್ಟಿದರೆ ಒಂದು ಹೆಜ್ಜೆ ಹಿಂದೆ ಸರಿಯುವ ಹುಡುಗಿಯಾದೆ. ಅಂಥವಳು ನರ್ಸಿಂಗ್‌ಗೆ ಬಂದದ್ದೇ ತಮಾಷೆ. ಶುಶ್ರೂಷೆಯ ತತ್ವಗಳಲ್ಲಿ ನನಗೆ ತುಂಬ ಹಿಡಿಸಿದ್ದು ರೋಗಿಯ ಮರ್ಯಾದೆಗಾಗಿ ಸುತ್ತ ಪರದೆ ಎಳೆಯುವುದು. ಪರದೆ ಎಳೆಯುವುದರಲ್ಲಿ ತರಗತಿಗೇ ನಾನು ಮೊದಲು. ಪರದೆಯ ಒಳಗೆ ಹೋದ ಮೇಲೆ ಏನು ಮಾಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ಆ ತಿಂಗಳು ಮುಗಿದರೆ ಸಾಕು, ನರ್ಸಿಂಗ್ ಬಿಟ್ಟು ಬಿ.ಎಸ್ಸಿ.ಗೆ ಸೇರುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

‘ಮಲಗವಾ, ನಾ ತೊಳಿತೀನಿ’ ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಬಂದಳು. ಅವಳೇ ರೇಣುಕಾ. ಕುಷ್ಟಗಿ ಕಡೆಯವಳು. ಅಪ್ಪ ಅವ್ವ ಜಿಗಣಿಯ ಹತ್ತಿರ ಕಟ್ಟಡದ ಕೆಲಸ ಮಾಡುತ್ತ ಅಲ್ಲೇ ಶೀಟಿನ ಮನೆಯಲ್ಲಿದ್ದರು. ನಾವಿಬ್ಬರೂ ಒಂದೇ ಪಿಜಿಯಲ್ಲಿ ಒಂದೇ ಕೋಣೆಯಲ್ಲಿದ್ದೆವು, ಆದರೆ ಅಲ್ಲಿಯವರೆಗೆ ನಾನು ಅವಳೊಡನೆ ಆಡಿದ್ದ ಮಾತನ್ನೆಲ್ಲ ಸೇರಿಸಿದರೂ ಅವಳ ಒಂದು ಬೆಳಗಿನ ಮಾತಿಗೆ ಸಾಲುತ್ತಿರಲಿಲ್ಲ.

ನರ್ಸಿಂಗ್ ಪುಸ್ತಕದಲ್ಲಿ ಯಾವ ಕ್ರಿಯೆಯ ಪುಟ ತೆಗೆದರೂ ಮೊದಲ ಹಂತ ಒಂದೇ: ಏನು ಮಾಡಲಿದ್ದೀರಿ ಎಂಬುದನ್ನು ರೋಗಿಗೆ ವಿವರಿಸಿ, ಒಪ್ಪಿಗೆ ಪಡೆಯಿರಿ. ಶಾಂತಮ್ಮನ ಮುಂದೆ ನಾವು ಈ ಹಂತವನ್ನು ಇಂಗ್ಲಿಷಿನಲ್ಲಿ, ಗೋಡೆಯನ್ನು ನೋಡುತ್ತ, ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದೆವು. ಅವಳು ಬೇಡವೆನ್ನುವ ಪ್ರಶ್ನೆಯೇ ಇರಲಿಲ್ಲವಲ್ಲ. ನಾನು ಮಂಚದ ಅಂಚಿಗೆ ತಲೆ ಇಟ್ಟು ಮಲಗಿದೆ. ಹೆಗಲ ಕೆಳಗೆ ದಿಂಬು. ತಲೆಯ ಕೆಳಗೆ ರಬ್ಬರ್ ಹಾಳೆ, ಎರಡೂ ಪಕ್ಕ ಸುತ್ತಿ ಕಾಲುವೆಯ ಹಾಗೆ ಮಾಡಿ ಬಕೆಟ್ಟಿಗೆ ಇಳಿಬಿಟ್ಟದ್ದು. ಆ ವಾಸನೆ. ರೇಣುಕಾ ಮೊಣಕೈ ಅದ್ದಿ ನೀರಿನ ಬಿಸಿ ನೋಡಿದಳು. ಗೋಡೆಯನ್ನು ನೋಡಲಿಲ್ಲ, ಬಗ್ಗಿ ನನ್ನ ಮುಖವನ್ನೇ ನೋಡಿದಳು.

‘ಈಗ ನಿನ್ನ ತಲಿಗೆ ನೀರು ಹಾಕ್ತೀನಿ. ಬಿಸಿ ಜಾಸ್ತಿ ಇಲ್ಲ. ಕಣ್ಣಿಗೆ ಬಟ್ಟಿ ಇಡ್ತೀನಿ, ಕಿವ್ಯಾಗ ಹತ್ತಿ ಇಡ್ತೀನಿ. ಆಮ್ಯಾಲ ನಾ ಅಂದದ್ದು ನಿನಗ ಕೇಳಂಗಿಲ್ಲ. ಅದಕ್ಕ ನೀರು ಹಾಕೂಮುಂದ ಭುಜ ಒತ್ತತೀನಿ. ಆತಿಲ್ಲೋ? ಹೂಂ ಅನ್ನು.’

ನಾನು ಚಾವಣಿ ನೋಡುತ್ತಿದ್ದೆ. ಸುಮ್ಮನಿದ್ದರೆ ಒಪ್ಪಿಗೆಯೆಂದುಕೊಂಡು ಮುಂದುವರಿಸುತ್ತಾಳೆ, ಬೇಗ ಮುಗಿಯುತ್ತದೆ ಎಂದುಕೊಂಡೆ. ಅವಳು ಮಗ್ಗು ಎತ್ತಿ ಹಿಡಿದುಕೊಂಡು ನಿಂತೇ ಇದ್ದಳು.

‘ಮುಂದುವರಿಸು, ರೇಣುಕಾ’ ಎಂದರು ಮೇಡಂ.

‘ಅಕಿ ಇನ್ನಾ ಹೂಂ ಅಂದಿಲ್ರಿ ಮೇಡಂ.’

ಎಲ್ಲರೂ ನಕ್ಕರು. ‘ಅವಳು ಹೂಂ ಅನ್ನೋಷ್ಟರಲ್ಲಿ ನೀರು ತಣ್ಣಗಾಗತ್ತೆ ಕಣೇ’ ಎಂದು ಯಾರೋ ಅಂದರು. ‘ಆದರ ಮತ್ತ ಕಾಸ್ತೀನಿ’ ಎಂದಳು ಅವಳು, ನಗದೆ. ಅವಳ ಮುಖ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಅದರಲ್ಲಿ ಕೀಟಲೆ ಇರಲಿಲ್ಲ. ನನ್ನ ಉತ್ತರ ಬೇಕಾಗಿತ್ತು, ಅಷ್ಟೇ. ಅಲ್ಲಿಯವರೆಗೆ ಯಾರೂ ನನ್ನ ಉತ್ತರಕ್ಕೆ ಅಷ್ಟು ಹೊತ್ತು ಕಾದ ನೆನಪಿಲ್ಲ.

‘ಹೂಂ’ ಅಂದೆ.

ಭುಜದ ಮೇಲೆ ಅವಳ ಕೈ ಒತ್ತಿತು, ಆಮೇಲೆ ನೀರು ಬಂತು. ಮತ್ತೆ ಭುಜ, ಮತ್ತೆ ನೀರು. ಉಗುರು ತಾಗಿಸದೆ ಬೆರಳ ತುದಿಯಿಂದ ಉಜ್ಜಬೇಕೆಂಬುದು ಪುಸ್ತಕದಲ್ಲಿದೆ. ಕಿವಿಯ ಹಿಂದೆ, ನೆತ್ತಿಯ ಕೆಳಗೆ, ನಾನು ಇಷ್ಟು ವರ್ಷ ಅವಸರದಲ್ಲಿ ಬಿಟ್ಟುಬಿಡುತ್ತಿದ್ದ ಜಾಗಗಳಲ್ಲೆಲ್ಲ ಆ ಬೆರಳುಗಳು ನಿಧಾನವಾಗಿ ಓಡಾಡಿದವು. ಕಣ್ಣಿನ ಮೇಲಿದ್ದ ಬಟ್ಟೆ ಒದ್ದೆಯಾಯಿತು. ಶಾಂಪೂ ತಾಗಿರಬೇಕೆಂದು ಮೇಡಂ ರೇಣುಕಾಳ ಅಂಕ ಕಡಿಮೆ ಮಾಡಿದರು. ಅವಳು ಆ ಬಟ್ಟೆಯನ್ನು ತೆಗೆದು ಹಿಂಡಿದಳು. ಶಾಂಪೂ ಅಲ್ಲವೆಂದು ಅವಳಿಗೆ ಗೊತ್ತಿತ್ತು ಅನ್ನಿಸುತ್ತದೆ.

ನಾನು ಕಾಲೇಜು ಬಿಡಲಿಲ್ಲ.

ಆಮೇಲೆ ಭಾನುವಾರದ ಪದ್ಧತಿ ಶುರುವಾಯಿತು. ಪಿಜಿಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ನಾನು ಹಲಗೆಯ ಮೇಲೆ ಕುಳಿತುಕೊಳ್ಳುತ್ತಿದ್ದೆ. ಅವಳು ಹಿಂದೆ ನಿಂತು ತೊಳೆಯುತ್ತಿದ್ದಳು. ಅವಳದು ಕತ್ತಿನವರೆಗಿನ ಕೂದಲು. ‘ಒಣಗೂಮಟ ಯಾರು ಕುಂದರಬೇಕವಾ’ ಎಂದು ಕತ್ತರಿಸಿಕೊಂಡಿದ್ದಳು. ಪಿಜಿಯ ಒಡತಿ ಆಂಟಿ ಆ ಊರಿನವರೇ. ನಮ್ಮ ಕಟ್ಟಡ ನಿಂತಿದ್ದ ಜಾಗದಲ್ಲಿ ಹಿಂದೆ ಅವರು ರಾಗಿ ಬೆಳೆಯುತ್ತಿದ್ದರು. ನೀರು ಹರಿದ ಸದ್ದು ಕೇಳಿದರೆ ಸಾಕು, ಮೆಟ್ಟಿಲು ಹತ್ತಿ ಬರುತ್ತಿದ್ದರು.

‘ಏನ್ ತಾಯಿ, ಇಂಗೆ ಸುರೀತಿದ್ದೀರ? ಟ್ಯಾಂಕರ್ ನೀರು ಕಣ್ರಮ್ಮ ಅದು.’

‘ಪ್ರ್ಯಾಕ್ಟಿಕಲ್ ರೀ ಆಂಟಿ, ಕಾಲೇಜಿಂದು.’

‘ವಾರ ವಾರಾನೂ ಪ್ರಾಟಿಕಲ್ಲಾ?’ ಆಂಟಿ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದರು. ‘ಅಂಗಾದ್ರೆ ನನ್ ತಲೇಗೂ ಒಂದ್ ಪ್ರಾಟಿಕಲ್ ಮಾಡ್ಬುಡು ಮಗಾ. ಕೈ ಎತ್ತಕ್ಕಾಗಲ್ಲ ನಂಗೆ.’

ಆಂಟಿಯನ್ನೂ ರೇಣುಕಾ ಕೇಳಿಯೇ ತೊಳೆದಳು. ಆಂಟಿ ಹೂಂ ಅಂದದ್ದಲ್ಲದೆ ನೀರು ಸಾಲದು, ಇನ್ನೊಂದು ಬಕೆಟ್ ತುಂಬು ಎಂದೂ ಅಂದರು.

ಈಗ ಪಾಠ ಮಾಡುವಾಗ ನಾನು ಶುಶ್ರೂಷೆಯ ತತ್ವಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ: ಸುರಕ್ಷತೆ, ಶುಚಿತ್ವ, ರೋಗಿಯ ಮರ್ಯಾದೆ, ನೆಮ್ಮದಿ. ಬರೆಯುತ್ತ ಬರೆಯುತ್ತ ಆ ತಾರಸಿ ಕಣ್ಣ ಮುಂದೆ ಬರುತ್ತದೆ. ನೆಮ್ಮದಿ ಎಂದು ಬರೆದ ಮೇಲೆ ಸ್ವಲ್ಪ ಹೊತ್ತು ಹಲಗೆಯ ಕಡೆಗೇ ತಿರುಗಿ ನಿಂತಿರುತ್ತೇನೆ. ಅಕ್ಷರ ಸರಿ ಇದೆಯೇ ನೋಡುತ್ತಿದ್ದಾರೆಂದು ಹುಡುಗಿಯರು ತಿಳಿಯುತ್ತಾರೆ.

ಓದು ಮುಗಿದು ನಾವಿಬ್ಬರೂ ಕೆಲವು ಕಾಲ ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿದೆವು. ಆಮೇಲೆ ಅವಳಿಗೆ ಅವಳ ಊರಿನ ಕಡೆಯೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಬೇಸರಪಡುವ ಸುದ್ದಿಯಲ್ಲ. ನಾನೇ ಮೈಸೂರುಪಾಕು ತಂದು ವಾರ್ಡಿನಲ್ಲೆಲ್ಲ ಹಂಚಿದೆ. ಹೊರಡುವ ಸಂಜೆ ಹೆಬ್ಬಗೋಡಿಯ ಸ್ಟಾಪಿನಲ್ಲಿ ಅವಳ ಚೀಲಗಳ ನಡುವೆ ನಿಂತಿದ್ದೆವು. ಫ್ಯಾಕ್ಟರಿ ಬಿಟ್ಟ ಹೊತ್ತು, ಹೊಸೂರು ರಸ್ತೆಯ ತುಂಬ ಜನ. ಮೆಜೆಸ್ಟಿಕ್ ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡು ನನ್ನ ಕಡೆ ತಿರುಗಿದಳು.

‘ಹತ್ತಲೇನು? ಹೂಂ ಅನ್ನು.’

ನಾನು ಹೂಂ ಅನ್ನಲಿಲ್ಲ. ಕಂಡಕ್ಟರ್ ‘ಬರ್ತೀರೇನಮ್ಮಾ, ಬೇಗ ಬೇಗ’ ಎಂದ. ಅವಳು ನನ್ನನ್ನೇ ನೋಡುತ್ತ ನಿಂತಳು. ಬಸ್ಸು ಹೋಯಿತು. ಅವಳು ಚೀಲ ಕೆಳಗಿಟ್ಟಳು, ಬೈಯಲಿಲ್ಲ. ಊರಿನ ಬಸ್ಸಿಗೆ ಟಿಕೆಟ್ ಮಾಡಿಸಿಯಾಗಿತ್ತು, ಅವಳ ತಮ್ಮ ಮೆಜೆಸ್ಟಿಕ್‌ನಲ್ಲಿ ಕಾಯುತ್ತಿದ್ದ. ಇನ್ನೊಂದು ಬಸ್ಸು ಬಂತು. ಮತ್ತೆ ಕೇಳಿದಳು. ಈ ಸಲ ಹೂಂ ಅಂದೆ. ಅವಳು ನನ್ನ ಭುಜವನ್ನು ಒಮ್ಮೆ ಒತ್ತಿ, ಹತ್ತಿದಳು.

ಮೊದಮೊದಲು ಪ್ರತಿ ಭಾನುವಾರ ಅವಳೇ ಫೋನ್ ಮಾಡುತ್ತಿದ್ದಳು. ಅವಳು ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ‘ಯಾವಾಗ ಬರ್ತೀ?’ ಎಂದು ಕೇಳಿದರೆ ‘ನೋಡ್ತೀನಿ’ ಅನ್ನುತ್ತಿದ್ದೆ. ನಿಜವಾಗಿಯೂ ನೋಡುತ್ತಿದ್ದೆ, ರಜೆ, ರೈಲು, ಅವಳ ಮನೆಯವರಿಗೆ ತೊಂದರೆಯಾದೀತೇ ಎಂಬುದು. ನೋಡುವುದರಲ್ಲೇ ರಜೆಗಳು ಕಳೆದವು. ಕ್ರಮೇಣ ಅವಳು ಆ ಪ್ರಶ್ನೆ ಕೇಳುವುದನ್ನು ಬಿಟ್ಟಳು. ಯುಗಾದಿಯ ನಂತರ ಅವಳ ಫೋನೇ ಬಂದಿರಲಿಲ್ಲ. ದಸರಾ ಹತ್ತಿರ ಬಂದಿತ್ತು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ, ಯಾರೂ ಜಗಳವಾಡದೆ, ಯಾರೂ ಏನೂ ಅನ್ನದೆ ಎಲ್ಲ ಮುಗಿದುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಫೋನು ಕೈಗೆತ್ತಿಕೊಂಡು ಕೆಳಗಿಡುತ್ತಿದ್ದೆ.

ಮೊನ್ನೆಯ ತರಗತಿಗೆ ಬರುತ್ತೇನೆ. ರಬ್ಬರ್ ಹಾಳೆ ಹಾಸಿಯಾಗಿತ್ತು, ಬಿಸಿನೀರು ಸಿದ್ಧವಾಗಿತ್ತು, ಮಲಗುವವರಿರಲಿಲ್ಲ. ಒಬ್ಬಳಿಗೆ ನೆಗಡಿ. ಒಬ್ಬಳು ‘ಮೇಡಂ, ನೆನ್ನೆ ತಾನೇ ಸ್ಟ್ರೈಟನಿಂಗ್ ಮಾಡ್ಸಿದ್ದೀನಿ, ಬೋರ್ ನೀರು ಬಿದ್ರೆ ಹೋಗ್ಬಿಡತ್ತೆ’ ಎಂದಳು. ನಾನು ವಾಚು ಬಿಚ್ಚಿ ಮೇಜಿನ ಮೇಲಿಟ್ಟು, ಜಡೆ ಬಿಚ್ಚಿಕೊಂಡು ಮಂಚದ ಮೇಲೆ ಮಲಗಿದೆ.

ತೊಳೆಯಲು ಬಂದವಳು ಸಹನಾ, ಹೆಚ್ಚು ಮಾತಾಡದ ಹುಡುಗಿ. ಗೋಡೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸತೊಡಗಿದಳು.

‘ಯಾರ ಹತ್ರ ಮಾತಾಡ್ತಿದ್ದೀಯಮ್ಮ?’ ಎಂದೆ. ‘ನಾನು ಇಲ್ಲಿದ್ದೀನಿ.’

ಅವಳು ನಾಚಿ, ಬಗ್ಗಿ ನನ್ನ ಮುಖ ನೋಡಿದಳು. ‘ತಲೆಗೆ ನೀರು ಹಾಕ್ತೀನಿ ಮೇಡಂ. ಹಾಕ್ಲಾ?’

‘ನಾನು ಹೂಂ ಅನ್ನೋವರೆಗೂ ಹಾಕ್ಬಾರ್ದು’ ಎಂದೆ. ಅವಳು ಕಾದಳು. ಹೂಂ ಅಂದೆ. ಕಿವಿಗೆ ಹತ್ತಿ, ಕಣ್ಣಿಗೆ ಬಟ್ಟೆ. ಭುಜ ಒತ್ತುವುದನ್ನು ಹೇಳಿಕೊಡಲು ಮರೆತಿದ್ದೆ. ಅದು ಪುಸ್ತಕದಲ್ಲೂ ಇಲ್ಲ. ಆದರೆ ನನ್ನ ಭುಜ ಕಾಯುತ್ತಿತ್ತು. ಕತ್ತಲೆಯಲ್ಲಿ, ಏನೂ ಕೇಳಿಸದೆ, ಆ ಒಂದು ಒತ್ತಿಗೆ ಕಾಯುತ್ತ ಮಲಗಿದ್ದೆ. ಒಮ್ಮೆಲೇ ನೀರು ಸುರಿಯಿತು. ಬೆಚ್ಚಿ ಎದ್ದು ಕುಳಿತು, ಕಣ್ಣಿನ ಬಟ್ಟೆ, ಕಿವಿಯ ಹತ್ತಿ ತೆಗೆದೆ. ಸೀರೆಯೆಲ್ಲ ಒದ್ದೆ.

‘ಬಿಸಿ ಜಾಸ್ತಿ ಆಯ್ತಾ ಮೇಡಂ?’ ಸಹನಾ ಮಗ್ಗು ಕೆಳಗಿಟ್ಟು ಟವೆಲ್ ಹುಡುಕತೊಡಗಿದಳು.

‘ಇಲ್ಲಮ್ಮ, ಸರಿಯಾಗಿದೆ. ಮುಂದಿನ ಸಲ ನೀರು ಹಾಕೋ ಮುಂಚೆ ಭುಜ ಒತ್ತು’ ಎಂದು ಮತ್ತೆ ಮಲಗಿದೆ. ಅವಳು ಒತ್ತಿದಳು, ಅಂಜುತ್ತ, ಎರಡೇ ಬೆರಳಿನಲ್ಲಿ.

ಊಟದ ಬಿಡುವಿನಲ್ಲಿ ಟವೆಲ್ ಹೊದ್ದು ಹಿಂದಿನ ಮೆಟ್ಟಿಲ ಮೇಲೆ ಕುಳಿತು ರೇಣುಕಾಳಿಗೆ ಫೋನ್ ಮಾಡಿದೆ. ಆ ಕಡೆ ಒಂದು ಕೂಸು ಅಳುತ್ತಿತ್ತು, ಸೂಜಿ ಹಾಕುವ ದಿನವಿರಬೇಕು. ‘ಯಾರು?’ ಎಂದಳು, ಹೆಸರು ಕಂಡಿದ್ದರೂ.

‘ನಾನು. ದಸರಾ ರಜಕ್ಕೆ ನಿಮ್ಮೂರಿಗೆ ಬರಲಾ?’ ಎಂದೆ. ಆಮೇಲೆ, ನನ್ನ ದನಿ ನನಗೇ ಹೊಸದಾಗಿ ಕೇಳಿಸುತ್ತಿರುವಾಗ, ‘ಹೂಂ ಅನ್ನು’ ಎಂದೆ.

ಕೂಸು ಅಳು ನಿಲ್ಲಿಸಿತು. ಯಾರೋ ‘ಸಿಸ್ಟರ್ ರೀ’ ಎಂದು ಕರೆದರು. ನಾನು ಏನೂ ಸೇರಿಸದೆ ಕಾದೆ.

‘ಯಾಕ,’ ಎಂದಳು ಕೊನೆಗೆ, ‘ತಲಿ ಹೊಲಸಾಗೇತೇನು?’

ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಬೆನ್ನೆಲ್ಲ ಶಾಂಪೂ ವಾಸನೆ.

‘ಹೂಂ’ ಅಂದೆ.