ಶಾರ್ಜಾದಲ್ಲಿ ಅಕ್ಕನ ಬಾಗಿಲು

ನಮ್ಮ ದಿಬ್ಬೂರಹಳ್ಳಿ ಕಡೆ ಮನೆ ಹುಡುಕಿಕೊಂಡು ಬರುವವರು ಯಾರಾದರೂ ಫೋನ್ ಮಾಡಿ "ಲೊಕೇಶನ್ ಕಳಿಸಿ" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಸ್ಸಿಳಿದು ಯಜಮಾನರ ಹೆಸರು ಹೇಳಿದರೆ ಸಾಕು, ಬಾಗಿಲವರೆಗೂ ತಂದು ಬಿಟ್ಟು ಹೋಗುವ ಊರು ನಮ್ಮದು. ಇದಕ್ಕೆಲ್ಲ ಮ್ಯಾಪು ಯಾಕೆ? ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನನ್ನ ಬಾಯಿಯ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ. ಅದೇ ಬಾಯಿ ಕಳೆದ ವರ್ಷ ಒಂದು ರಾತ್ರಿ, ಹನ್ನೆರಡೂವರೆ ಹೊತ್ತಿಗೆ, ಶಾರ್ಜಾ ಎಂಬ ಊರಿನಲ್ಲಿ, ಬೀಗ ಹಾಕಿದ ಪೋಸ್ಟಾಫೀಸಿನ ಮುಂದೆ ನನ್ನನ್ನು ತಂದು ನಿಲ್ಲಿಸಿತು.

ಹೋಗಿದ್ದು ಅಕ್ಕನನ್ನು ನನ್ನ ಮಗಳ ಮದುವೆಗೆ ಕರೆಯಲು. ಅಕ್ಕ ತನಗೆ ಮದುವೆಯೇ ಬೇಡವೆಂದು ನರ್ಸಿಂಗ್ ಓದಿ, ಚಿಕ್ಕಬಳ್ಳಾಪುರದಲ್ಲಿ ಬಹಳ ವರ್ಷ ಕೆಲಸ ಮಾಡಿ, ಆಮೇಲೆ ಶಾರ್ಜಾದ ಆಸ್ಪತ್ರೆ ಸೇರಿದವಳು. ಹೋಗುವ ಮುಂಚೆ ನನ್ನ ಮಗಳನ್ನು ನನಗಿಂತ ಹೆಚ್ಚಾಗಿ ಸಾಕಿದವಳು ಅವಳೇ. ನಾನು ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದರೆ, ಅವಳು ರಜದ ದಿನ ಬಂದು ಮಗುವಿಗೆ ಊಟ ಹಾಕುತ್ತಿದ್ದಳು. ಹಾಗಾಗಿ ಮದುವೆ ಗೊತ್ತಾದ ದಿನವೇ ಮಗಳು ಹೇಳಿಬಿಟ್ಟಳು: "ದೊಡ್ಡಮ್ಮ ಬರ್ದೇ ಇದ್ರೆ ನಾನು ಹಸೆಮಣೆ ಮೇಲೆ ಕೂರಲ್ಲಮ್ಮ. ನೀನೇ ಕೆಡಿಸಿದ್ದು, ನೀನೇ ಸರಿ ಮಾಡು."

ಕೆಡಿಸಿದ್ದು ನಾನೇ. ಸುಳ್ಳು ಯಾಕೆ ಹೇಳಲಿ.

ಅದಕ್ಕೂ ಆರು ವರ್ಷದ ಹಿಂದಿನ ಮಾತು. ಆಗ ನಮ್ಮಲ್ಲಿ ಹುಳಕ್ಕೆಂದು ಬೇರೆ ಕಟ್ಟಡ ಇರಲಿಲ್ಲ. ನಡುಮನೆಯಲ್ಲೇ ತಟ್ಟೆ ಜೋಡಿಸಿ, ನಾವು ಅಡುಗೆಮನೆಯಲ್ಲಿ ಮುದುರಿಕೊಂಡು ಮಲಗುತ್ತಿದ್ದೆವು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹಗಲು ರಾತ್ರಿ ಸೊಪ್ಪು ಮೇಯ್ದು ಗೂಡು ಕಟ್ಟಲು ಹೊರಡುತ್ತದೆ. ಆ ವಾರ ಕೆಟ್ಟರೆ ಬೆಳೆಯೇ ಕೆಟ್ಟಂತೆ. ಹೊರಗಿನವರು ಯಾರೇ ಬರಲಿ, ಹೊಸ್ತಿಲಾಚೆ ನಿಲ್ಲಿಸಿ, ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಕಾಲು ಅದ್ದಿಸದೆ ಒಳಗೆ ಬಿಡುವುದಿಲ್ಲ. ಬೀಡಿ, ಸೊಳ್ಳೆಬತ್ತಿ, ಸೆಂಟು ಯಾವ ವಾಸನೆಯೂ ಆಗದು.

ಅಂಥ ವಾರದಲ್ಲಿ, ಮೂರು ವರ್ಷದ ಮೇಲೆ, ಹೇಳದೆ ಕೇಳದೆ ಅಕ್ಕ ಶಾರ್ಜಾದಿಂದ ಬಂದು ಬಾಗಿಲಲ್ಲಿ ನಿಂತಳು. ಮೈತುಂಬ ಸೆಂಟು. ಕೈಯಲ್ಲಿ ನನಗೆಂದೇ ತಂದ ಸೆಂಟಿನ ಸಣ್ಣ ಬಾಟಲಿ. ಎರಡೂ ಕೈ ಚಾಚಿ ನಗುತ್ತಿದ್ದಳು.

ನಾನೇನು ಮಾಡಿದೆ? "ಅಯ್ಯೋ ಅಕ್ಕಾ, ನಿಂತ್ಕೋ ಅಲ್ಲೇ! ಒಳಗ್ ಬರ್ಬೇಡ!" ಎಂದು ಕಿರುಚಿ, ಬ್ಲೀಚಿಂಗ್ ನೀರಿನ ಬಕೆಟ್ಟು ಎತ್ತಿ ಅವಳ ಹೊಸ ಚಪ್ಪಲಿಯ ಮೇಲೇ ಸುರಿದೆ. "ಕೊಟ್ಟಿಗೆ ಹತ್ರ ಸ್ನಾನ ಮಾಡಿ, ನನ್ನ ಹಳೇ ಸೀರೆ ಉಟ್ಕೊಂಡು ಬಾ."

ಅಕ್ಕನ ಕೈ ಕೆಳಗಿಳಿಯಿತು. "ನಾನು ದಿನಾ ಆಪರೇಷನ್ ಥಿಯೇಟರ್ ಒಳಗೆ ಹೋಗೋಳು ಕಣೇ. ಅಲ್ಲಿಗೆ ಆಗೋಳು ನಿನ್ನ ಹುಳಕ್ಕೆ ಮೈಲಿಗೆ ಆದ್ನಾ?"

ಆಗಲಾದರೂ ಬಾಯಿ ಮುಚ್ಚಬಹುದಿತ್ತು. "ಬೆಳೆ ಹೋದ್ರೆ ನೀನ್ ತುಂಬ್ಕೊಡ್ತೀಯಾ?" ಎಂದೆ. ಅವಳು ಬಾಟಲಿಯನ್ನು ಜಗಲಿಯ ಮೇಲಿಟ್ಟು, ಬಂದ ಆಟೋದಲ್ಲೇ ಹೊರಟುಹೋದಳು. ಒಂದು ಲೋಟ ನೀರೂ ಕುಡಿಯಲಿಲ್ಲ. ಆ ಸಲ ಗೂಡು ಬಹಳ ಚೆನ್ನಾಗಿ ಆಯಿತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಕೊಳ್ಳುವವರು ಕೈಯಲ್ಲಿ ಹಿಡಿದು ಅಲ್ಲಾಡಿಸಿ ಹೊಗಳಿದರು. ಬೆಳೆ ಕೆಟ್ಟಿದ್ದರೆ, ಅಕ್ಕನ ಸಂಕಟ ತಟ್ಟಿತು ಎಂದು ಹೋಗಿ ಕಾಲಿಗೆ ಬೀಳಲು ಒಂದು ನೆಪವಾದರೂ ಸಿಗುತ್ತಿತ್ತು. ಚೆನ್ನಾಗಿ ಆದದ್ದರಿಂದ, ನಾನು ಮಾಡಿದ್ದೇ ಸರಿ ಎಂದು ಆರು ವರ್ಷ ಬೀಗಿಕೊಂಡು ಕುಳಿತೆ.

ಆ ಆರು ವರ್ಷದಲ್ಲಿ ಅಕ್ಕ ಮಗಳ ಹತ್ತಿರ ಮಾತ್ರ ಮಾತಾಡುತ್ತಿದ್ದಳು. ನನ್ನ ನಂಬರು ಕಂಡರೆ ಎತ್ತುತ್ತಿರಲಿಲ್ಲ. ಮದುವೆಯ ವಿಷಯ ಮಗಳೇ ಹೇಳಿದಾಗ ಬಂದ ಉತ್ತರ ಒಂದೇ: "ಕರೆಯೋಳು ನನ್ನ ಮನೆ ಬಾಗ್ಲಿಗೆ ಬಂದು ಕರೀಲಿ, ನೋಡಣ." ತಿರುಪತಿಯಿಂದಾಚೆ ಹೋಗದವಳು ನಾನು. ಇವಳೆಲ್ಲಿ ಬರುತ್ತಾಳೆ ಎಂದೇ ಅವಳು ಹಾಗೆ ಹೇಳಿದ್ದು. ನನಗೆ ರೋಷ ಬಂತು. ಜೊತೆಗೆ, ಹೇಳಿಬಿಡುತ್ತೇನೆ, ಅಳುವೂ ಬಂತು.

"ಹುಳ ಬಿಟ್ಟು ಹೋಗ್ತೀಯಾ?" ಎಂದರು ಯಜಮಾನರು.

"ನೀವಿಲ್ವಾ?" ಎಂದೆ.

"ಶಿಡ್ಲಘಟ್ಟಕ್ಕೆ ಹೋದ್ರೆ ವಾಪಸ್ ಬರೋ ಬಸ್ಸು ಬಿಟ್ಕೊಳ್ಳೋಳು ನೀನು" ಎಂದು ಅವರು ಟವೆಲ್ ಕೊಡವಿಕೊಂಡು ತೋಟಕ್ಕೆ ಹೋದರು.

ಪಾಸ್‌ಪೋರ್ಟು, ವೀಸಾ, ಟಿಕೆಟ್ಟು ಎಲ್ಲ ಮಗಳೇ ಮಾಡಿಸಿದಳು. "ಇಳಿದ ತಕ್ಷಣ ದೊಡ್ಡಮ್ಮಂಗೆ ಫೋನ್ ಮಾಡು. ಅಡ್ರೆಸ್ ಕೇಳಿ ಬರ್ಕೊಡ್ಲಾ?" ಎಂದಳು. "ಅಡ್ರೆಸ್ ನನ್ನ ಹತ್ರ ಇದೆ ಹೋಗೇ" ಎಂದೆ. ಇತ್ತು. ಮಗಳ ಹುಟ್ಟುಹಬ್ಬಕ್ಕೆ ಅಕ್ಕ ಕಳಿಸಿದ್ದ ಪಾರ್ಸಲಿನ ಮೇಲಿನ ಚೀಟಿಯನ್ನು ಹರಿದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಕ್ಕನ ಹೆಸರು, ಒಂದು ನಂಬರು, ಶಾರ್ಜಾ. ಇನ್ನೇನು ಬೇಕು? ಫೋನ್ ಮಾಡುವ ಯೋಚನೆಯೂ ನನಗಿರಲಿಲ್ಲ. ಮಾಡಿದರೆ ಬರಬೇಡ ಅಂದುಬಿಟ್ಟಾಳು ಎಂಬ ಭಯ. ಬಾಗಿಲಿಗೇ ಹೋಗಿ ನಿಂತರೆ ಏನು ಮಾಡುತ್ತಾಳೆ, ನೋಡಿಯೇಬಿಡೋಣ ಎಂದುಕೊಂಡೆ.

ಲಗ್ನಪತ್ರಿಕೆ, ಅರಿಶಿನ ಕುಂಕುಮದ ಪೊಟ್ಟಣ, ಇವುಗಳ ಜೊತೆ ಆ ಸೆಂಟಿನ ಬಾಟಲಿಯನ್ನೂ ತೆಗೆದುಕೊಂಡೆ. ಆರು ವರ್ಷ ಟ್ರಂಕಿನ ತಳದಲ್ಲಿ ಮಲಗಿತ್ತು ಅದು. ಅಕ್ಕ ಬಾಗಿಲು ತೆಗೆದಾಗ ಅವಳು ತಂದ ಸೆಂಟೇ ನನ್ನ ಮೈಮೇಲೆ ಇರಲಿ ಎಂಬ ಆಸೆ. ಮನೆಯಲ್ಲಿ ಹುಳ ಇರುವಾಗ ಹಾಕುವಂತಿಲ್ಲ. ಹಾಗಾಗಿ ವಿಮಾನದ ಕಕ್ಕಸಿನಲ್ಲಿ ನಿಂತು ಹಾಕಿಕೊಂಡೆ. ಹುಟ್ಟಿದಾಗಿನಿಂದ ಸೆಂಟು ಮುಟ್ಟದವಳಿಗೆ ಎಷ್ಟು ಹಾಕಬೇಕೆಂದು ಹೇಗೆ ಗೊತ್ತು? ಹಿಪ್ಪುನೇರಳೆ ತೋಟಕ್ಕೆ ಔಷಧಿ ಹೊಡೆದ ಹಾಗೆ ತಲೆಯಿಂದ ಕಾಲಿನವರೆಗೆ ಹೊಡೆದುಕೊಂಡೆ. ಹಳೆಯದಾಗಿ ಹುಳಿಯಾಗಿತ್ತೋ ಏನೋ. ಸೀಟಿಗೆ ವಾಪಸ್ ಬಂದಾಗ ಪಕ್ಕದವರು ಕೆಮ್ಮತೊಡಗಿದರು, ಹಿಂದೆ ಒಂದು ಮಗು ಅಳತೊಡಗಿತು. ಮಗುವಿಗೆ ಹೊಟ್ಟೆನೋವಿರಬೇಕು ಪಾಪ ಎಂದು ನಾನು ಮರುಗಿದೆ.

ಇಳಿದ ಮೇಲೆ ಮೊಬೈಲಿನಲ್ಲಿ ವಿಮಾನದ ಗುರುತು ಹಾಗೇ ಕೂತಿತ್ತು. ಹತ್ತುವಾಗ ಪಕ್ಕದವರು ಒತ್ತಿಕೊಟ್ಟಿದ್ದರು. ತೆಗೆಯುವುದು ಹೇಗೆಂದು ಕೇಳಿರಲಿಲ್ಲ. ಇರಲಿ, ಯಾರಿಗೆ ಫೋನ್ ಮಾಡಬೇಕು ಎಂದುಕೊಂಡು ಹೊರಗೆ ಬಂದೆ. ರಾತ್ರಿಯಾದರೂ ಒಲೆಯ ಮುಂದೆ ನಿಂತಷ್ಟು ಸೆಕೆ. ಟ್ಯಾಕ್ಸಿಯಲ್ಲಿ ಕುಳಿತು ಚೀಟಿ ಕೊಟ್ಟೆ. ಡ್ರೈವರು ಚೀಟಿ ನೋಡಿ, ನನ್ನನ್ನು ನೋಡಿ, ಹಿಂದಿಯಲ್ಲಿ ಏನೋ ಕೇಳಿದ. "ಹಾ" ಎಂದೆ. ಇನ್ನೊಂದು ಸಲ ಕೇಳಿದ. "ಹಾ ಹಾ" ಎಂದೆ. ನನ್ನ ಹಿಂದಿ ಅಷ್ಟೇ. ಅವನು ಭುಜ ಕುಣಿಸಿ ಗಾಡಿ ಬಿಟ್ಟ.

ದೊಡ್ಡ ದೊಡ್ಡ ರಸ್ತೆಗಳು, ಆಕಾಶಕ್ಕೆ ಮುಟ್ಟುವ ಕಟ್ಟಡಗಳು, ದೀಪವೋ ದೀಪ. ರಸ್ತೆಯಲ್ಲಿ ನಿಲ್ಲಿಸಿ ಕೇಳೋಣವೆಂದರೆ ಒಂದು ನರಪಿಳ್ಳೆ ಇಲ್ಲ. ಇಲ್ಲಿ ಯಾರ ಹೆಸರು ಹೇಳಿ ಯಾರನ್ನು ಕೇಳಲಿ ಎಂದು ಮೊದಲ ಸಲ ಯೋಚಿಸಿದೆ. ಸ್ವಲ್ಪ ಹೊತ್ತಿಗೆ ಗಾಡಿ ನಿಂತಿತು. ಎದುರಿಗೆ ಒಂದೇ ಒಂದು ಕಿಟಕಿಯಲ್ಲೂ ಬೆಳಕಿಲ್ಲದ ಕಟ್ಟಡ. ಡ್ರೈವರು ಚೀಟಿಯ ನಂಬರನ್ನೂ ಕಟ್ಟಡವನ್ನೂ ತೋರಿಸಿ, "ಪೋಸ್ಟಾಫೀಸ್" ಎಂದ. ಇದೊಂದು ಪದ ಅರ್ಥವಾಯಿತು.

ನಮ್ಮ ಕಡೆ ಸಂಕಟ ಬಂದರೆ ತೆಲುಗು ತಾನಾಗಿ ಬಾಯಿಗೆ ಬರುತ್ತದೆ. "ಓರಿ ದೇವುಡಾ, ಎಕ್ಕಡ ತೆಚ್ಚಿ ಪಡೇಸ್ನಾವುರಾ ನನ್ನು" ಎಂದು ತಲೆಯ ಮೇಲೆ ಕೈ ಹೊತ್ತೆ. ಎಲ್ಲಿ ತಂದು ಎಸೆದೆಯಪ್ಪಾ ದೇವರೇ ಎಂದು.

ಡ್ರೈವರು ಗಕ್ಕನೆ ತಿರುಗಿ, ಯಾವ ಊರೆಂದು ತೆಲುಗಿನಲ್ಲೇ ಕೇಳಿದ. "ಏ ಊರಮ್ಮಾ ಮೀದಿ?"

ಅವನು ಮದನಪಲ್ಲಿ ಕಡೆಯವನು. ಟೊಮೇಟೊ ತುಂಬಿಕೊಂಡು ಚಿಂತಾಮಣಿ ಮಾರ್ಕೆಟ್ಟಿಗೆ ಎಷ್ಟೋ ಸಲ ಬಂದವನಂತೆ. ಬಿಟ್ಟರೆ ಅಲ್ಲೇ ಅಪ್ಪಿಕೊಂಡು ಅಳುತ್ತಿದ್ದೆ. ಅವನು ನಿಧಾನವಾಗಿ ತೆಲುಗಿನಲ್ಲಿ ತಿಳಿಸಿಹೇಳಿದ: ಈ ಊರಲ್ಲಿ ಮನೆಗೆ ಟಪಾಲು ಬರುವುದಿಲ್ಲ, ಎಲ್ಲರದೂ ಪೋಸ್ಟಾಫೀಸಿನಲ್ಲಿ ಒಂದೊಂದು ಪೆಟ್ಟಿಗೆ, ಚೀಟಿಯಲ್ಲಿರುವುದು ಆ ಪೆಟ್ಟಿಗೆಯ ನಂಬರು. ನಾನು ಸಮುದ್ರ ದಾಟಿ ಬಂದಿದ್ದು ಅಕ್ಕನ ಮನೆಗಲ್ಲ, ಅಕ್ಕನ ಡಬ್ಬಕ್ಕೆ. "ಆಗಲೇ ಕೇಳಿದೆ, ಈ ಹೊತ್ತಲ್ಲಿ ಅಲ್ಲಿಗೆ ಯಾಕಮ್ಮ ಅಂತ. ನೀವು ಹಾ ಹಾ ಅಂದಿರಿ" ಎಂದ. ಆಮೇಲೆ ಬಹಳ ಸಂಕೋಚದಿಂದ, "ಏಮೀ ಅನುಕೋವದ್ದಮ್ಮಾ" ಎಂದು ನಾಲ್ಕೂ ಕಿಟಕಿಗಳನ್ನು ಇಳಿಸಿದ. ತಪ್ಪು ತಿಳಿಯಬೇಡಿ ಎಂದು ಅವನು ಹೇಳಿದ ಮೇಲೆಯೇ ನನಗೆ ನನ್ನ ವಾಸನೆ ತಟ್ಟಿದ್ದು. ವಿಮಾನದ ಆ ಮಗು ನೆನಪಾಯಿತು.

ಇನ್ನು ಬೇರೆ ದಾರಿಯಿರಲಿಲ್ಲ. ನನ್ನ ಮೊಬೈಲಿನಲ್ಲಿದ್ದ ನಂಬರು ತೋರಿಸಿ, ಅವನ ಫೋನಿನಿಂದಲೇ ಅಕ್ಕನಿಗೆ ಮಾಡಿಸಿದೆ.

"ಅಕ್ಕಾ, ನಾನು ಕಣಕ್ಕಾ."

"ಎಲ್ಲಿದೀಯ?"

"ಪೋಸ್ಟಾಫೀಸ್ ಮುಂದೆ."

"ಯಾವ ಪೋಸ್ಟಾಫೀಸು, ದಿಬ್ಬೂರಹಳ್ಳೀದಾ?"

"ಶಾರ್ಜಾದ್ದು."

"ಡ್ರೈವರ್‌ಗೆ ಫೋನ್ ಕೊಡು."

ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಎಣಿಸುತ್ತ ಕುಳಿತೆ. ಡ್ರೈವರು ಚಿಂತಾಮಣಿಯ ಯಾವುದೋ ಹೋಟೆಲಿನ ದೋಸೆಯ ವಿಷಯ ಹೇಳುತ್ತಿದ್ದ. ನನಗೆ ಒಂದಕ್ಷರ ತಲೆಗೆ ಹೋಗಲಿಲ್ಲ. ಬಾಗಿಲಿನಿಂದಲೇ ಓಡಿಸಿದರೆ ಮಗಳಿಗೆ ಏನು ಹೇಳಲಿ? ಓಡಿಸಿದರೆ ತಪ್ಪೇನು? ನಾನು ಓಡಿಸಲಿಲ್ಲವೇ?

ನಾಲ್ಕನೇ ಮಹಡಿ. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಅಕ್ಕನ ತಲೆ ಅರ್ಧ ನೆರೆತುಹೋಗಿತ್ತು. ನೈಟಿಯ ಮೇಲೆ ಟವೆಲ್ ಹೊದ್ದಿದ್ದಳು. ನಾನು ಯೋಚಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತೇಹೋಯಿತು. ಅವಳು ಮೂಗು ಅರಳಿಸಿದಳು.

"ಏನೇ ಇದು ವಾಸನೆ?"

"ನೀನ್ ತಂದಿದ್ದ ಸೆಂಟು ಕಣಕ್ಕಾ."

ಅವಳ ಮುಖದಲ್ಲಿ ಏನು ಹಾದುಹೋಯಿತೋ ತಿಳಿಯಲಿಲ್ಲ. "ನಿಂತ್ಕೋ ಅಲ್ಲೇ" ಎಂದು ಒಳಗೆ ಹೋದಳು.

ಮುಗಿಯಿತು ಎಂದುಕೊಂಡೆ. ಮಾಡಿದ್ದುಣ್ಣೋ ಮಹರಾಯ. ಲಗ್ನಪತ್ರಿಕೆಯನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋಗಲೇ ಎಂದು ಬ್ಯಾಗಿಗೆ ಕೈ ಹಾಕಿದೆ. ಅವಳು ಅಂದು ಬಾಟಲಿ ಇಟ್ಟು ಹೋದಳಲ್ಲ, ಹಾಗೆ. ಆದರೆ ಹೋಗುವುದು ಎಲ್ಲಿಗೆ? ಪೋಸ್ಟಾಫೀಸಿಗೇ? ನಿಂತೆ. ಒಳಗೆ ನಲ್ಲಿಯ ಸದ್ದು, ಪಾತ್ರೆಯ ಸದ್ದು ಕೇಳುತ್ತಲೇ ಇತ್ತು.

ಅಕ್ಕ ಒಂದು ಪ್ಲಾಸ್ಟಿಕ್ ಟಬ್ಬನ್ನು ತಂದು ಹೊಸ್ತಿಲಾಚೆ ಇಟ್ಟಳು, ಕೈಯಲ್ಲಿ ನೀರಿನ ಜಗ್ಗು. "ಕಾಲಿಡು."

ಬ್ಲೀಚಿಂಗ್ ಪೌಡರಿನ ಘಾಟು ಬರುತ್ತದೆಂದು ಉಸಿರು ಬಿಗಿಹಿಡಿದು, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಟಬ್ಬಿನೊಳಗೆ ನಿಂತೆ. ಕಾಲ ಮೇಲೆ ಬಿದ್ದದ್ದು ಬಿಸಿನೀರು. ಬರಿಯ ಬಿಸಿನೀರು. ಇಷ್ಟು ಹೊತ್ತು ಅವಳು ಮಾಡುತ್ತಿದ್ದುದು ನೀರು ಕಾಯಿಸುವ ಕೆಲಸ. ನಮ್ಮಮ್ಮ ದೂರದಿಂದ ಬಂದವರಿಗೆ ಹೀಗೇ ಬಾಗಿಲಲ್ಲಿ ಕಾಲಿಗೆ ನೀರು ಕೊಡುತ್ತಿದ್ದಳು. ನಾನು ಅದನ್ನು ಮರೆತು ಎಷ್ಟೋ ವರ್ಷವಾಗಿತ್ತು. ಅಕ್ಕ ಕುಕ್ಕರುಗಾಲಲ್ಲಿ ಕೂತು ನನ್ನ ಪಾದ ಒತ್ತಿ ನೋಡಿದಳು. "ಎಷ್ಟು ಊದ್ಕೊಂಡಿದೆ ನೋಡೇ. ವಿಮಾನದಲ್ಲಿ ಮಧ್ಯೆ ಮಧ್ಯೆ ಎದ್ದು ಓಡಾಡ್ಬೇಕು ಕಣೇ, ಪೆದ್ದಿ."

ನನಗೆ ಅಳು ತಡೆಯಲಾಗಲಿಲ್ಲ. ಎದುರು ಮನೆಯವರು ಬಾಗಿಲು ಸಂದು ಮಾಡಿ ನೋಡಿ ಮುಚ್ಚಿಕೊಂಡರು.

"ಹುಳ ಎಷ್ಟನೇ ಜ್ವರದಲ್ಲಿವೆ?" ಎಂದಳು, ತಲೆ ಎತ್ತದೆ.

"ಮೊನ್ನೆ ನಾಲ್ಕನೇ ಜ್ವರ ಎದ್ವು."

ಅವಳ ಕೈ ನಿಂತಿತು. "ಬಿಟ್ಟು ಬಂದ್ಯಾ?"

"ಬಿಟ್ಟು ಬಂದೆ ಕಣಕ್ಕಾ."

ಅಕ್ಕ ಮೂಗು ಒರೆಸಿಕೊಂಡು ಎದ್ದಳು. "ಬಾಗ್ಲಿಗೆ ಬಂದು ಕರೀಲಿ ಅಂದಿದ್ದೆ. ಬಂದಿದೀಯಲ್ಲ, ಕರಿ ಮತ್ತೆ."

ಟಬ್ಬಿನಲ್ಲಿ ನಿಂತೇ ಬ್ಯಾಗು ತಡಕಿದೆ. ಕುಂಕುಮದ ಪೊಟ್ಟಣ ಒಡೆದು ಪತ್ರಿಕೆಯೆಲ್ಲ ಕೆಂಪಾಗಿತ್ತು. ಅದನ್ನೇ ಒಂದು ಚಿಟಿಕೆ ತೆಗೆದು ಅವಳ ಹಣೆಗಿಟ್ಟು, ಎರಡೂ ಕೈಯಲ್ಲಿ ಪತ್ರಿಕೆ ಕೊಟ್ಟೆ. "ಮಗಳ ಮದುವೆಗೆ ಬಾರಕ್ಕಾ" ಎಂದೆ. ಇಷ್ಟು ದೊಡ್ಡ ಬಾಯಿಗೆ ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ.

ಅಕ್ಕ ಟವೆಲನ್ನು ನನ್ನ ಕಡೆ ಎಸೆದಳು.

"ಬರ್ತೀನಿ. ಆದ್ರೆ ಆ ತಿಂಗಳು ಹುಳ ಮೇಯಿಸ್ಬೇಡ, ತಿಳೀತಾ?"